ಬರಿಗೈಯಲ್ಲಿ ಬನ್ನಿ

ಇಸೊಬೆ ಶುಜಿಯ ಬಾಯಿಗೆ ಜೀವಮಾನದಲ್ಲಿ ಬಾರದೇ ಉಳಿದ ಮಾತು ಒಂದೇ: ‘ಬೇಡ’. ನಮ್ಮ ದ್ವೀಪದ ಕೊಚಿ ಪಟ್ಟಣದಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದ ಈ ಮನುಷ್ಯ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಳ್ಳೆಯತನದ ಜೊತೆ ಸಂಸಾರ ಮಾಡಿದವರನ್ನು ಕೇಳಬೇಕು. ಊರು ಬಿಟ್ಟು ಹೋಗುವವರು ತಮ್ಮ ಹಳೇ ಹಾರ್ಮೋನಿಯಂ ತಂದು ಅವನ ಮನೆಯಲ್ಲಿಟ್ಟರು. ನಿಂತುಹೋದ ಗಡಿಯಾರ, ಹೊಟ್ಟೆಯಲ್ಲಿ ಹುಲ್ಲು ತುಂಬಿದ ಕಾಡುಕೋಳಿ, ಯಾರೋ ಸತ್ತವರ ಗಾಲ್ಫ್ ಕೋಲುಗಳು ಒಂದರ ಹಿಂದೊಂದು ಬಂದು ಸೇರಿಕೊಂಡವು. ಕೊನೆಗೆ, ಮುಚ್ಚಿಹೋದ ಮಿಠಾಯಿ ಅಂಗಡಿಯ ಆಳುದ್ದದ ಬೋರ್ಡು ಮಲಗುವ ಕೋಣೆಗೇ ಬಂತು. ಅವತ್ತು ರಾತ್ರಿ ಹೆಂಡತಿ ಮಿಸಾವೊ ಅಡುಗೆಮನೆಯಲ್ಲಿ ಮಲಗಿದಳು. ಬೆಳಿಗ್ಗೆ ಎದ್ದವಳೇ ಅಶಿಜುರಿ ಭೂಶಿರದ ಹತ್ತಿರದ ತನ್ನ ತವರಿಗೆ ಹೊರಟಳು.

"ನನ್ನ ಹುಡುಕ್ಕೊಂಡು ಬರೋದಾದ್ರೆ ಬರಿಗೈಯಲ್ಲಿ ಬನ್ನಿ," ಎಂದಳು ಹೊಸ್ತಿಲಲ್ಲಿ ನಿಂತು. "ಯಾರೋ ಕೊಟ್ರು ಅಂತ ಒಂದು ಮೂಲಂಗಿ ನಿಮ್ಮ ಹತ್ರ ಇದ್ರೂ ಬಾಗಿಲು ತೆಗೆಯೋಳಲ್ಲ ನಾನು. ಹೇಳಿದೀನಿ, ಆಮೇಲೆ ಬಂದು ಅಳಬೇಡಿ."

ಇದೇನು ಸಣ್ಣ ಷರತ್ತೇ? ನಮ್ಮ ಕಡೆ ಮಾವನ ಮನೆಯಿರಲಿ, ಪಕ್ಕದ ಮನೆಗೂ ಯಾರೂ ಕೈ ಬೀಸಿಕೊಂಡು ಹೋಗುವುದಿಲ್ಲ; ಒಂದು ಪೊಟ್ಟಣ ಸಿಹಿಯಾದರೂ ಹಿಡಿದೇ ಹೋಗಬೇಕು. ಆದರೂ ಇಸೊಬೆ ಚಳಿಗಾಲವೆಲ್ಲ ಹಾರ್ಮೋನಿಯಂ ಎದುರು ಕೂತು ಒಬ್ಬನೇ ನೂಡಲ್ಸ್ ತಿಂದು ತಿಂದು ಸಾಕಾಗಿಹೋಗಿದ್ದ. ಮಿಸಾವೊ ಇಲ್ಲದ ಮನೆ ಅವನಿಗೆ ಬೇಕಿರಲಿಲ್ಲ. ವಸಂತ ಬಂದದ್ದೇ ಸೈಕಲ್ಲಿನ ಧೂಳು ಒರೆಸಿದ. ಬಸ್ಸಿನಲ್ಲಿ ಹೋದರೆ ಯಾರಾದರೂ ಗಂಟೊಂದನ್ನು ಕೊಟ್ಟು ಕಳಿಸುತ್ತಾರೆ, ಸೈಕಲ್ಲಿನಲ್ಲಾದರೆ ಗುಡಾರ ಕಟ್ಟಿದ ಮೇಲೆ ಜಾಗವೇ ಉಳಿಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಹಗಲು ತುಳಿಯುವುದು, ಸಂಜೆ ಕಡಲ ದಂಡೆಯಲ್ಲಿ ಗುಡಾರ ಹಾಕಿ ಮಲಗುವುದು, ಹೀಗೇ ಹೆಂಡತಿಯವರೆಗೆ ಹೋಗುವುದು. ಪಾಪ, ಬುದ್ಧಿ ಓಡಿಸಿದ್ದನೇನೋ ನಿಜ.

ಬುದ್ಧಿ ಕೈಕೊಟ್ಟದ್ದು ಬಟ್ಟೆಯ ವಿಷಯದಲ್ಲಿ. ಬಿಸಿಲು ಬೀಳಬಾರದೆಂದು ಬಿಳಿ ತುಂಬುತೋಳಿನ ಅಂಗಿ ತೊಟ್ಟ, ತಲೆಗೆ ಹುಲ್ಲಿನ ಅಗಲ ಟೋಪಿ ಇಟ್ಟ, ಗುಡಾರದ ಉದ್ದ ಕೋಲನ್ನು ಸೈಕಲ್ಲಿಗೆ ಕಟ್ಟಿದ. ಈ ದ್ವೀಪದ ಸುತ್ತ ಎಂಬತ್ತೆಂಟು ಗುಡಿಗಳ ಯಾತ್ರೆ ಮಾಡುವವರದ್ದು ಇದೇ ವೇಷ: ಬಿಳಿ ಅಂಗಿ, ಹುಲ್ಲಿನ ಟೋಪಿ, ಕೈಯಲ್ಲೊಂದು ಕೋಲು. ಯಾತ್ರಿಕರಿಗೆ ದಾರಿಯಲ್ಲಿ ಜನ ಏನು ಕೊಟ್ಟರೂ ತೆಗೆದುಕೊಳ್ಳಲೇಬೇಕು. ಒಲ್ಲೆನೆಂದರೆ ಕೊಟ್ಟವರ ಪುಣ್ಯಕ್ಕೇ ಕಲ್ಲು ಹಾಕಿದಂತೆ. ಇಷ್ಟು ಗೊತ್ತಿದ್ದೂ ಆ ಪುಣ್ಯಾತ್ಮ ಕನ್ನಡಿ ನೋಡಿಕೊಳ್ಳದೆ ಹೊರಟಿದ್ದ.

ಮೊದಲ ಏರು ದಾಟುವ ಮೊದಲೇ ಚಕ್ಕೋತದ ತೋಟದಿಂದ ಅಜ್ಜಿಯೊಬ್ಬಳು ಎರಡೂ ಕೈ ಅಡ್ಡ ಚಾಚಿಕೊಂಡು ರಸ್ತೆಗೆ ಬಂದಳು. ಅವಳ ಹಿಂದೆ ತುಂಬಿದ ಚೀಲವೊಂದಿತ್ತು.

"ಯಾತ್ರೆಯವ್ರೇ, ನಿಂತ್ಕೊಳ್ಳಿ ನಿಂತ್ಕೊಳ್ಳಿ! ತಗೊಂಡು ಹೋಗಿ."

"ಅಜ್ಜೀ, ನಾನು ಯಾತ್ರೆಗೆ ಹೊರಟೋನಲ್ಲ. ಹೆಂಡ್ತಿ ಸಿಟ್ಟು ಮಾಡ್ಕೊಂಡು ತವರಿಗೆ ಹೋಗಿದಾಳೆ, ಕರ್ಕೊಂಡು ಬರೋಕೆ ಹೋಗ್ತಿದೀನಿ."

"ಅಯ್ಯೋ, ಅದಕ್ಕಿಂತ ದೊಡ್ಡ ಯಾತ್ರೆ ಯಾವ್ದಿದೆಯಪ್ಪಾ!" ಎಂದು ಅಜ್ಜಿ ಇನ್ನೂ ನಾಲ್ಕು ಹಣ್ಣು ಜಾಸ್ತಿ ತುರುಕಿದಳು. "ನಮ್ಮನೆಯವ್ರು ಸತ್ತು ಸ್ವರ್ಗದಲ್ಲಿದಾರೆ. ಅವರ ಹೆಸರಲ್ಲಿ ಒಂದು ಹಣ್ಣು ನೀನೇ ತಿನ್ನು, ಮಿಕ್ಕಿದ್ದು ದೇವ್ರಿಗೆ."

ಇಸೊಬೆ ತಲೆ ಬಾಗಿಸಿ ಚೀಲವನ್ನು ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದ. ಆಮೇಲಿನ ಊರಿನಲ್ಲಿ ಹೊದಿಕೆ ಬಂತು, ಅದರ ಮುಂದಿನದರಲ್ಲಿ ಅನ್ನ ಮಾಡುವ ಕುಕ್ಕರ್. ಕರೆಂಟಿಲ್ಲದ ಕಡಲ ದಂಡೆಯಲ್ಲಿ ಆ ಕುಕ್ಕರನ್ನು ತಲೆದಿಂಬು ಮಾಡಿಕೊಂಡು ಮಲಗಿದವನಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

ಎಲ್ಲವನ್ನೂ ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳೋಣವೆಂದು ಬೆಳಿಗ್ಗೆ ಒಬ್ಬ ಕ್ಷೌರದಂಗಡಿಯವನಿಗೆ ಚಕ್ಕೋತದ ಚೀಲ ಕೊಟ್ಟ. ಅವನು ಕಣ್ಣೀರು ಹಾಕಿಕೊಂಡ. ಯಾತ್ರಿಕರೇ ತನಗೆ ಕೊಡುವುದೆಂದರೆ ಏನು, ತಾನು ಸುಮ್ಮನಿರುವುದೆಂದರೆ ಏನು! "ಕೂತ್ಕೊಳ್ಳಿ ಸ್ವಾಮಿ, ಕೂತ್ಕೊಳ್ಳಿ, ನನ್ನ ಕೈಲಾದ ಸೇವೆ," ಎಂದು ಕುರ್ಚಿಯಲ್ಲಿ ಕೂರಿಸಿ ತಲೆ ನುಣ್ಣಗೆ ಬೋಳಿಸಿದ. ಸಾಲದೆಂದು ಹೊರಡುವಾಗ ಒಂದು ಮಡಿಚುವ ಕುರ್ಚಿ, ಜೊತೆಗೆ ಇಸೊಬೆ ಕೊಟ್ಟ ಹಣ್ಣಿನ ಎರಡರಷ್ಟು ಸಿಹಿಗೆಣಸು.

ತಲೆ ಬೋಳಾದ ಮೇಲೆ ಇಸೊಬೆ ಬರೀ ಯಾತ್ರಿಕನಾಗಿ ಉಳಿಯಲಿಲ್ಲ, ಪೂರಾ ಸ್ವಾಮಿಯೇ ಆಗಿಬಿಟ್ಟ. ಮಧ್ಯಾಹ್ನ ಒಂದು ಮೀನುಗಾರರ ಬಂದರಿನಲ್ಲಿ ನೀರು ಕುಡಿಯಲು ಇಳಿದದ್ದೇ ತಡ, ನಾಲ್ಕು ಜನ ಬಂದು ಅವನ ತೋಳು ಹಿಡಿದರು.

"ಸ್ವಾಮಿಗಳೇ, ದೇವರೇ ಕಳಿಸಿದಂಗೆ ಬಂದ್ರಿ. ನಮ್ಮ ದೋಣಿ ಎಂಜಿನ್ನು ಸತ್ತು ಬಿದ್ದಿದೆ. ಒಂದು ಮಂತ್ರ ಹೇಳ್ಬಿಡಿ."

"ನನಗೆ ಮಂತ್ರ ಬರೋದಿಲ್ಲ," ಎಂದ ಇಸೊಬೆ.

"ನೋಡಿದ್ರಾ, ಎಷ್ಟು ವಿನಯ!" ಎಂದು ಅವರೆಲ್ಲ ಕೈ ಮುಗಿದರು.

ಏನು ಮಾಡುತ್ತಾನೆ? ಜೀವಮಾನವೆಲ್ಲ ಅವನು ಬಾಯಿಪಾಠ ಮಾಡಿದ್ದು ಒಂದೇ. ಕಣ್ಣು ಮುಚ್ಚಿದ, ಮೂಗಿನಿಂದ ರಾಗ ಎಳೆದ: "ಹರಿಮಾಯಾಬಾಶೀ... ಹೊರಿಜುಮೇ... ಓಹಾಶಿದೋರೀ..." ಟ್ರಾಮಿನ ನಿಲ್ದಾಣಗಳು ಒಂದೊಂದಾಗಿ ಬಂದವು, ಕೋಟೆಯ ಮುಂದಿನ ನಿಲ್ದಾಣದ ಹೊತ್ತಿಗೆ ಮುದುಕಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಾನು ಮೊದಲು ಮಿಸಾವೊಳನ್ನು ನೋಡಿದ್ದೂ ಅದೇ ದಾರಿಯ ಟ್ರಾಮಿನಲ್ಲಿ ಎಂದು ನೆನಪಾಗಿ ಇಸೊಬೆಯ ಕಣ್ಣಲ್ಲೂ ನೀರು ಬಂತು. ಎಂಜಿನ್ನು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಡಗಡಗ ಎಂದು ಓಡತೊಡಗಿತು. ಯಾರೋ ಆಗತಾನೇ ಹೊಸ ಬ್ಯಾಟರಿ ಹಾಕಿದ್ದರು ಎಂದು ನನಗೆ ಅನುಮಾನ, ಆದರೆ ಬಂದರಿನಲ್ಲಿ ಹಾಗೆ ಹೇಳುವ ಧೈರ್ಯ ಯಾರಿಗಿದೆ? ಅವರು ಕೊಟ್ಟದ್ದು ಒಂದು ತಗಡಿನ ಸ್ನಾನದ ತೊಟ್ಟಿ, ಅದರ ತುಂಬ ಒಣಮೀನು.

ಹೀಗೆ ಇನ್ನೇನು ಹೆಂಡತಿಯ ಊರು ಹತ್ತಿರ ಬಂತು ಎನ್ನುವಾಗ, ಸೈಕಲ್ಲು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಒಂದು ಗುಡ್ಡ ತಾನಾಗಿಯೇ ರಸ್ತೆಯಲ್ಲಿ ನಡೆದಂತಿತ್ತು. ಇಸೊಬೆ ಗಟ್ಟಿ ಮನಸ್ಸು ಮಾಡಿದ. ಯಾತ್ರಿಕರು ದಣಿವಾರಿಸಿಕೊಳ್ಳುವ ಚಪ್ಪರದ ಕೆಳಗೆ ಎಲ್ಲವನ್ನೂ ಇಳಿಸಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಬರೀ ಗುಡಾರದ ಜೊತೆ ಓಟ ಕಿತ್ತ. ಎರಡು ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಊರಿನ ಪೊಲೀಸಿನವನು ಸಣ್ಣ ಟ್ರಕ್ಕಿನಲ್ಲಿ ಬಂದಿದ್ದ.

"ಸ್ವಾಮಿಗಳೇ, ಮರೆತು ಬಂದ್ಬಿಟ್ರಿ!" ಎಂದು ಕುಕ್ಕರು, ಹೊದಿಕೆ, ತೊಟ್ಟಿ, ಗೆಣಸು ಎಲ್ಲವನ್ನೂ ಇಳಿಸಿ ಕೊಟ್ಟ. "ಒಂದೂ ಕಮ್ಮಿ ಇಲ್ಲ ನೋಡ್ಕೊಳ್ಳಿ. ನಮ್ಮ ಕಡೆ ವಸ್ತು ಕಳೆದುಹೋಗೋದು ಅಂದ್ರೇನು!"

ಯಾರು ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ ಇಸೊಬೆ ನೆಲದವರೆಗೆ ಬಾಗಿದ. ಕಳ್ಳರಿಲ್ಲದ ಊರಿನ ಮೇಲೆ ಅವನಿಗೆ ಜನ್ಮದಲ್ಲಿ ಮೊದಲ ಬಾರಿ ಸಿಟ್ಟು ಬಂತು.

ಕೊನೆಗೆ ಮಿಸಾವೊಳ ಊರಿನ ಮೇಲಿನ ಬಸ್ ನಿಲ್ದಾಣದಲ್ಲಿ ಸೈಕಲ್ಲು ಸಮೇತ ಎಲ್ಲವನ್ನೂ ಬಿಟ್ಟ. ಟೋಪಿ, ಬಿಳಿ ಅಂಗಿಯನ್ನೂ ತೆಗೆದು ಬನಿಯನ್ನಿನಲ್ಲೇ ಕೆಳಗಿಳಿದ. ಜೇಬು ಎರಡನ್ನೂ ಹೊರಗೆ ಎಳೆದುಕೊಂಡ, ಅದರಲ್ಲೂ ಏನೂ ಇಲ್ಲವೆಂದು ಕಾಣಲಿ ಎಂದು. ಬಾಗಿಲ ಮುಂದೆ ನಿಂತು, ಎರಡೂ ಕೈ ಚಾಚಿ, ಮಿಸಾವೊಳನ್ನು ಕೂಗಿದ.

ಬಾಗಿಲು ಒಂದು ಗೇಣು ಸರಿಯಿತು. ಮಿಸಾವೊ ಅವನ ಬೋಳುತಲೆ ನೋಡಿದಳು, ಬನಿಯನ್ನು ನೋಡಿದಳು, ಆಮೇಲೆ ಚಾಚಿದ ಎರಡೂ ಅಂಗೈ ನೋಡಿದಳು.

"ಬಂದ್ರಾ," ಎಂದಳು. "ತಲೆಗೇನಾಯ್ತು?"

"ಬರಿಗೈಯಲ್ಲಿ ಬಂದಿದೀನಿ ಮಿಸಾವೊ," ಎಂದ ಇಸೊಬೆ.

ಅಷ್ಟರಲ್ಲಿ ಹಿಂದೆ ಗದ್ದಲ ಕೇಳಿಸಿತು. ಇಳಿಜಾರಿನಲ್ಲಿ ಊರಿನ ಅರ್ಧ ಜನ ಬರುತ್ತಿದ್ದರು. ಒಬ್ಬ ಕುಕ್ಕರು ಹಿಡಿದಿದ್ದ, ಇಬ್ಬರು ತೊಟ್ಟಿ ಹೊತ್ತಿದ್ದರು, ಇನ್ನೊಬ್ಬ ಸೈಕಲ್ಲು ತಳ್ಳುತ್ತಿದ್ದ. ಎಲ್ಲರ ಮುಂದೆ ಪಕ್ಕದ ಮನೆಯ ಓತೊಮೆ ಅಜ್ಜಿ, ಮಿಸಾವೊಳನ್ನು ಎತ್ತಿ ಆಡಿಸಿದವಳು, ಕೈಯಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ.

"ಸ್ವಾಮಿಗಳೇ, ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದಿದ್ರಿ! ಬೋಳುತಲೆಯವ್ರು ಈ ಮನೆ ಕಡೆ ಇಳಿದ್ರು ಅಂದ್ರು ಜನ. ಇದೊಂದು ನಾನು ಹೆಣೆದಿದ್ದು, ಸೇರಿಸ್ಕೊಳ್ಳಿ."

ಮಿಸಾವೊಳ ಮುಖ ಕಪ್ಪಿಟ್ಟಿತು. ಬಾಗಿಲು ಮತ್ತೆ ಸರಿಯತೊಡಗಿತು. ಗೇಣಿದ್ದದ್ದು ಬೆರಳಗಲವಾಯಿತು. ಇಸೊಬೆ ಅಜ್ಜಿಯ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕಿರುಚಿದ:

"ಬೇಡ! ಬೇಡ ನಂಗೆ! ಕುಕ್ಕರ್ ಬೇಡ, ತೊಟ್ಟಿ ಬೇಡ, ನಿಮ್ಮ ಕಾಲುಚೀಲನೂ ಬೇಡ! ನಂಗೆ ಬೇಕಾಗಿರೋದು ನನ್ನ ಹೆಂಡ್ತಿ ಒಬ್ಳೇ, ಬೇರೇನೂ ಬೇಡ!"

ಊರು ಕಲ್ಲಾಯಿತು. ಓತೊಮೆ ಅಜ್ಜಿಯ ಕಾಲುಚೀಲ ಹಿಡಿದ ಕೈ ಮೇಲೂ ಇಲ್ಲ ಕೆಳಗೂ ಇಲ್ಲ.

ದಡಾರನೆ ಬಾಗಿಲು ಪೂರಾ ತೆರೆಯಿತು.

"ರೀ! ನಿಮಗೇನು ಮಾನ ಮರ್ಯಾದೆ ಇದೆಯಾ?" ಮಿಸಾವೊ ಬರಿಗಾಲಲ್ಲೇ ಹೊರಗೆ ಧುಮುಕಿದಳು. "ಹಿರಿಯರು ಹರಕೆ ಹೊತ್ತು ಹೆಣೆದು ತಂದದ್ದನ್ನ ಮುಖದ ಮೇಲೆ ಬೇಡ ಅಂತಾರಾ ಯಾರಾದ್ರೂ? ಅಜ್ಜೀ, ಇವರ ಮಾತು ಕಿವಿಗೆ ಹಾಕ್ಕೋಬೇಡಿ, ಇವರಿಗೆ ದಾರಿಯಲ್ಲಿ ಬಿಸಿಲು ಹೊಡೆದಿದೆ. ಕೊಡಿ, ನಂಗೆ ಕೊಡಿ."

ಕಾಲುಚೀಲ ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಬಾಗಿದಳು. ಆಮೇಲೆ ಹೊದಿಕೆ ತೆಗೆದುಕೊಂಡಳು, ಬಾಗಿದಳು. ಕುಕ್ಕರು ಕಂಕುಳಿಗೆ ಹೋಯಿತು, ಮಡಿಚುವ ಕುರ್ಚಿ ತೋಳಿಗೆ ಸಿಕ್ಕಿಕೊಂಡಿತು, ಒಣಮೀನಿನ ಕಟ್ಟು ಗಲ್ಲದ ಕೆಳಗೆ ಬಂತು. ಪ್ರತಿಯೊಂದಕ್ಕೂ ಮತ್ತೆ ಮತ್ತೆ ಬಾಗಿದಳು. ಊರಿನವರ ಮುಖದಲ್ಲಿ ಜೀವ ಬಂತು, ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು. ಜನ ಚದುರಿ ಹೋದ ಮೇಲೆ ಮಿಸಾವೊ ಹೊಸ್ತಿಲಲ್ಲಿ ನಿಂತಿದ್ದಳು, ಸಾಮಾನಿನ ನಡುವೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ಇಸೊಬೆ ಖಾಲಿ ಕೈ ಜೋತುಬಿಟ್ಟುಕೊಂಡು ನಿಂತಿದ್ದ.

"ಬೇಡ ಅಂದ್ರಲ್ಲ," ಎಂದಳು ಒಣಮೀನಿನ ಹಿಂದಿನಿಂದ. "ಇಷ್ಟು ವರ್ಷ ಆದ್ಮೇಲೆ, ನನಗೋಸ್ಕರ."

"ಹೂಂ. ಅಂದೆ."

"ಇನ್ನೊಂದ್ಸಲ ಯಾವತ್ತೂ ಅನ್ನಬೇಡಿ, ನಾಚಿಕೆಯಾಗುತ್ತೆ," ಎಂದಳು ಮಿಸಾವೊ. "ಕಂಬದ ಥರ ನಿಂತು ಏನು ನೋಡ್ತೀರಿ? ಕುಕ್ಕರ್ ಜಾರ್ತಾ ಇದೆ, ಬಂದು ಹಿಡ್ಕೊಳ್ಳಿ."

ಇಸೊಬೆ ಒಳಗೆ ಹೋಗಿ ಹಿಡಿದುಕೊಂಡ.