ಮೂರನೆಯ ಚೂರು

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು, ಓದುವವರು ಕ್ಷಮಿಸಬೇಕು. ನಾನು ಹೊಲಿಗೆಯವಳು. ಸಂಜೆ ತರಗತಿಗೆ ಹೋಗಿ ಹತ್ತನೆಯದು ಮುಗಿಸಿದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ. ನಾಲ್ಕು ಸಾಲು ಬರೆದರೆ ಮೂರು ಹೊಡೆದುಹಾಕುತ್ತೇನೆ. ಆದರೂ ತಪ್ಪು ನನ್ನದಾಗಿರುವಾಗ ಬೇರೆಯವರು ಹೇಳಲಿ ಎಂದು ಕಾಯುವುದು ಸರಿಯಲ್ಲ ಅನ್ನಿಸಿತು.

ನಮ್ಮ ಕಾರ್ಖಾನೆಯಲ್ಲಿ ಹೊಲಿಯುವುದು ಹಸುಗೂಸುಗಳ ಅಂಗಿ. ಒಂದೊಂದು ಅಂಗಿಯೂ ಹನ್ನೆರಡು ಜನರ ಕೈ ದಾಟುತ್ತದೆ. ನನ್ನ ಪಾಲಿಗೆ ಕೊರಳ ಪಟ್ಟಿ. ಪಕ್ಕದ ಮಿಷಿನ್ನಿನಲ್ಲಿ ತೋಳು ಕೂರಿಸುವವಳು ನನ್ನ ನಾದಿನಿ, ಗಂಡನ ತಂಗಿ. ಇಬ್ಬರದೂ ಒಂದೇ ಮನೆ, ಒಂದೇ ಬಸ್ಸು, ಒಂದೇ ಲೈನು.

ಸೂಜಿ ಮುರಿದರೆ ನಮ್ಮಲ್ಲಿ ಒಂದು ಕ್ರಮವಿದೆ. ಮುರಿದ ಅಷ್ಟೂ ಚೂರುಗಳನ್ನು ಹುಡುಕಿ, ಮೂಲೆಯಲ್ಲಿ ಜಾಲರಿಯ ಹಿಂದೆ ಕೂರುವ ಸೂಜಿ ಮೇಷ್ಟ್ರಿಗೆ ಒಪ್ಪಿಸಬೇಕು. ಅವರು ಚೂರುಗಳನ್ನು ಒಂದಕ್ಕೊಂದು ತಾಗಿಸಿ, ಪೂರ್ತಿ ಸೂಜಿ ಆಯಿತೆಂದು ಖಾತ್ರಿಯಾದ ಮೇಲೆ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸುತ್ತಾರೆ. ಆಮೇಲಷ್ಟೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಲೈನು ನಿಲ್ಲಿಸಿ ಅಂದು ಹೊಲಿದ ಪ್ರತಿ ಅಂಗಿಯನ್ನೂ ತಡಕಬೇಕು. ಕೂಸಿನ ಕತ್ತಿಗೆ ತಾಗುವ ಬಟ್ಟೆಯಲ್ಲಿ ಸೂಜಿಯ ತುದಿ ಉಳಿದರೆ ಏನಾದೀತೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ದಿನ ಬೆಳಿಗ್ಗೆ ಎಂಟೂವರೆಗೆ ನನ್ನ ಸೂಜಿ ಟಕ್ ಎಂದಿತು. ಮೇಲಿನ ಭಾಗ ಮಿಷಿನ್ನಿನಲ್ಲೇ ಇತ್ತು. ನಡುವಿನ ಚೂರು ಸೂಜಿಯ ಕೆಳಗಿನ ತಟ್ಟೆಯ ಮೇಲೆ ಬಿದ್ದಿತ್ತು. ತುದಿ ಮಾತ್ರ ಇಲ್ಲ. ಮಡಿಲು ಕೊಡವಿದೆ, ಮಂಡಿಯೂರಿ ನೆಲವನ್ನೆಲ್ಲ ಕೈಯಿಂದ ಸವರಿದೆ.

“ಏನತ್ತಿಗೆ, ಕಸ ಗುಡಿಸೋರು ಬಂದಿಲ್ವಾ ಇವತ್ತು?” ಎಂದಳು ನಾದಿನಿ.

“ತುದಿ ಸಿಗ್ತಿಲ್ಲ ಕಣೇ.”

ಅವಳ ನಗು ನಿಂತಿತು. ಆ ತಿಂಗಳು ನನ್ನ ಸೂಜಿ ಆಗಲೇ ಎರಡು ಸಲ ಮುರಿದು ಲೈನು ನಿಂತಿತ್ತು. ನಮ್ಮ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಗಡಿಯಾರ. ನಾವು ಸೀನಿದರೂ ಎಷ್ಟು ಸೆಕೆಂಡು ಹೋಯಿತೆಂದು ನೋಡುವ ಹೆಂಗಸು. “ಇನ್ನೊಂದು ಸಲ ಆದ್ರೆ ಮನೇಲೇ ಕೂತು ಹೊಲ್ಕೊಳ್ಳಿ” ಎಂದು ಎಲ್ಲರೆದುರು ಹೇಳಿದ್ದಳು.

“ಗಡಿಯಾರ ಈ ಕಡೆನೇ ಬರ್ತಿದೆ. ಏಳಿ ಮೇಲೆ,” ಎಂದು ನಾದಿನಿ ತನ್ನ ಕೊರಳಿನ ಗುರುತಿನ ಚೀಟಿಯನ್ನು ತಿರುಗಿಸಿದಳು. ಅದರ ಹಿಂದೆ ಟೇಪಿನ ತುಂಡೊಂದರ ಮೇಲೆ ಮೂರು ಸೂಜಿ ತುದಿಗಳು ಅಂಟಿದ್ದವು. “ಮನೇಲಿ ಹಳೇ ಸೂಜಿ ಮುರಿದು ಇಟ್ಕೊಂಡಿದ್ದು. ಒಂದು ತಗೊಳ್ಳಿ.”

“ಅಯ್ಯೋ, ತಪ್ಪಲ್ವೇನೇ ಇದು?”

“ತಪ್ಪೇ. ಈಗೇನು, ಗಂಟುಮೂಟೆ ಕಟ್ಟಿ ಮನೆಗೆ ಹೋಗ್ತೀರಾ? ಕೊನೇಲಿ ಡಿಟೆಕ್ಟರ್ ಇದೆಯಲ್ಲ, ಲೋಹ ಇದ್ರೆ ಊರಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. ಅದರ ಕೆಲಸ ಅದು ಮಾಡುತ್ತೆ ಬಿಡಿ.”

ತೆಗೆದುಕೊಂಡೆ. ಸೂಜಿ ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಎಲ್ಲಾ ಇದೆಯೇನಮ್ಮಾ?”

“ಇದೆ ಮೇಷ್ಟ್ರೇ.”

ಅವರು ನನ್ನ ಮುಖ ನೋಡಲಿಲ್ಲ. ಟೇಪು ಹಾಕಿದರು, ಹೊಸ ಸೂಜಿ ಕೊಟ್ಟರು.

ಅಲ್ಲಿಂದಾಚೆಗೆ ಹೊಲಿದ ಪ್ರತಿ ಕೊರಳ ಪಟ್ಟಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಆದರೆ ಸೂಜಿ ಮುರಿದಾಗ ಕೈಯಲ್ಲಿದ್ದ ಅಂಗಿಗಳ ಕಟ್ಟು ಆಗಲೇ ಮುಂದೆ ಹೋಗಿತ್ತು. ಒಂದೊಂದು ಅಂಗಿಯೂ ನನ್ನ ಅಂಗೈಯಷ್ಟೇ ಅಗಲ. ಅದರೊಳಗಿಂದ ಒಂದು ಕತ್ತು ಹೊರಳಿ ನನ್ನನ್ನೇ ನೋಡಿದ ಹಾಗೆ ಆಗುತ್ತಿತ್ತು.

ಹನ್ನೊಂದರ ಚಹಾ ಬಿಡುವಿನಲ್ಲಿ ಪ್ಯಾಕಿಂಗ್ ಕೋಣೆಗೆ ಓಡಿದೆ, ಡಿಟೆಕ್ಟರನ್ನು ಕಣ್ಣಾರೆ ನೋಡಿದರೆ ಸಮಾಧಾನವಾದೀತೆಂದು. ಅದರ ಮೇಲೆ ಬೆಡ್‌ಶೀಟು ಹೊದಿಸಿದ್ದರು.

“ಬೆಳಿಗ್ಗೆಯಿಂದ ಸುಮ್‌ಸುಮ್ನೆ ಕಿರುಚ್ತಿತ್ತು. ತಲೆ ಚಿಟ್ಟು ಹಿಡೀತು, ಆರಿಸಿ ಮಲಗಿಸಿದೀವಿ,” ಎಂದಳು ಪ್ಯಾಕಿಂಗಿನವಳು. “ರಿಪೇರಿಯವನು ಮಧ್ಯಾಹ್ನ ಬರ್ತಾನಂತೆ.”

“ಅಲ್ಲೀವರೆಗೆ ಅಂಗಿಗಳು?”

“ಲಾರಿ ಕಾಯುತ್ತಾ? ನಿಮ್ಮ ಲೈನಿನದೇ ಎರಡು ಪೆಟ್ಟಿಗೆ ಈಗ ತಾನೆ ಹೋಯ್ತಲ್ಲ.”

ನೇರವಾಗಿ ಸೂಜಿ ಮೇಷ್ಟ್ರ ಜಾಲರಿಯವರೆಗೆ ನಡೆದೆ. ಎಲ್ಲ ಹೇಳಿದೆ. ನಾದಿನಿಯ ಹೆಸರು ಬಿಟ್ಟು. ತುದಿ ಮನೆಯಿಂದ ನಾನೇ ತಂದದ್ದೆಂದು ಸುಳ್ಳು ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗೊತ್ತಾಗಿತ್ತಮ್ಮಾ. ನಿನ್ನ ಸೂಜಿ ಸಣ್ಣದು, ಆ ತುದಿ ದಪ್ಪ. ಕಂಡೂ ಅಂಟಿಸಿದೆ. ರಿಟೈರಾಗೋಕೆ ಆರು ತಿಂಗಳಿದೆ, ಲೈನ್ ನಿಂತಾಗಲೆಲ್ಲ ನನಗೂ ಬೈಗುಳ. ನಾನೂ ಹೆದರಿದೆ.”

ಇಬ್ಬರೂ ಒಟ್ಟಿಗೇ ಗಡಿಯಾರದ ಬಳಿ ಹೋದೆವು. ಅವಳು ಬೈದಿದ್ದರೆ ಸಹಿಸಬಹುದಿತ್ತು. ಬೈಯಲಿಲ್ಲ. ಹೋಗಿ ಮುಖ್ಯ ಸ್ವಿಚ್ಚು ಆರಿಸಿದಳು. ಲೈನಿನ ಅಷ್ಟೂ ಮಿಷಿನ್ನುಗಳ ಸದ್ದು ಒಮ್ಮೆಗೇ ನಿಂತಾಗ ನನ್ನ ಉಸಿರು ನನಗೇ ಕೇಳಿಸಿತು.

ಉದ್ದನೆಯ ಮೇಜುಗಳ ಮೇಲೆ ಅಂಗಿಗಳನ್ನು ಸುರಿದರು. ಮೇಷ್ಟ್ರು ಕೋಲಿಗೆ ಕಟ್ಟಿದ ಅಯಸ್ಕಾಂತ ಹಿಡಿದು ಒಂದೊಂದರ ಮೇಲೂ ಆಡಿಸುತ್ತಾ ಬಂದರು. ನಾವು ಹೊಲಿಗೆಗಳನ್ನು ಬೆರಳಿನಿಂದ ಹಿಸುಕಿ ನೋಡಿದೆವು. ಊಟಕ್ಕೆ ಯಾರೂ ಏಳಲಿಲ್ಲ. “ಏನಮ್ಮಾ, ನಿನ್ನ ಪುಣ್ಯದಿಂದ ನಮಗೆಲ್ಲ ಉಪವಾಸ,” ಎಂದು ಗುಂಡಿ ಹಾಕುವವಳು ಕೊಂಕಾಡಿದಳು. ನಾದಿನಿ ತಲೆಯೆತ್ತಲೇ ಇಲ್ಲ.

ಎರಡೂವರೆಯ ಹೊತ್ತಿಗೆ ಇಸ್ತ್ರಿಯವಳು ಕೂಗಿದಳು: “ಸಿಕ್ತು! ಸಿಕ್ತು!”

ಕೈಯಲ್ಲಿದ್ದ ಅಂಗಿ ಬಿಟ್ಟು ಅತ್ತ ಓಡಿದೆ. ಯಾರೋ ಬೆನ್ನು ತಟ್ಟಿದರು. ಗಡಿಯಾರ, “ಸರಿ, ಸಿಕ್ತಲ್ಲ. ಎಲ್ಲರೂ ಕೂತ್ಕೊಳ್ಳಿ, ಮಿಷಿನ್ ಶುರು ಮಾಡಿ,” ಎಂದಳು.

ಅಂಗಿಯನ್ನು ನನ್ನ ಕೈಗೆ ಕೊಟ್ಟರು. ತುದಿ ಸಿಕ್ಕಿದ್ದು ಕೊರಳ ಪಟ್ಟಿಯಲ್ಲಲ್ಲ, ಕಂಕುಳ ಹತ್ತಿರ, ತೋಳು ಕೂರಿಸಿದ ಹೊಲಿಗೆಯೊಳಗೆ. ನಾನು ಆ ಹೊಲಿಗೆ ಹಾಕುವವಳೇ ಅಲ್ಲ. ಮೇಷ್ಟ್ರು ಅದನ್ನು ನನ್ನ ಮುರಿದ ಸೂಜಿಗೆ ತಾಗಿಸಿದರು. ಕೂಡಲಿಲ್ಲ. ಅದು ಕಂಡದ್ದು ನಮ್ಮಿಬ್ಬರಿಗೇ. ಅವರು ನನ್ನ ಕಡೆ ನೋಡಿದರು.

ನಾನು ನಾದಿನಿಯನ್ನು ನೋಡಿದೆ. ತೋಳು ಕೂರಿಸುವವಳು ಅವಳು; ತನ್ನ ಸೂಜಿ ಮುರಿದಾಗಲೂ ಮನೆಯ ತುದಿಯನ್ನೇ ಒಪ್ಪಿಸಿದ್ದಾಳೆ. ಅವಳು ಬೇಡ ಎಂಬಂತೆ, ಬೇರೆ ಯಾರಿಗೂ ಕಾಣದಷ್ಟು ಮೆಲ್ಲಗೆ ತಲೆಯಾಡಿಸಿದಳು. ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆ. ಮನೆಯಲ್ಲಿ ನನ್ನ ಪಾಡು ಏನೆಂದು ಊಹಿಸಲೂ ಆಗಲಿಲ್ಲ. ಬಾಯಿ ಬಿಡದಿದ್ದರೆ ನನ್ನ ತುದಿಯನ್ನು ಇನ್ನು ಯಾರೂ ಹುಡುಕುವುದಿಲ್ಲ.

“ಮೇಡಂ,” ಎಂದೆ. ಅವಳು ತಿರುಗಿದಳು. “ಮೇಡಂ, ಇದು ನನ್ನದಲ್ಲ.”

ಮತ್ತೆ ಎಲ್ಲವನ್ನೂ ಮೊದಲಿಂದ ತಡಕಿದೆವು. ರಿಪೇರಿಯವನು ಬಂದು ಡಿಟೆಕ್ಟರ್ ಸರಿಮಾಡಿದ ಮೇಲೆ ಅಷ್ಟೂ ಅಂಗಿಗಳನ್ನು ಅದರೊಳಗೆ ಹಾಯಿಸಿದರು. ಅದು ಒಮ್ಮೆಯೂ ಕಿರುಚಲಿಲ್ಲ. ಅಷ್ಟರಲ್ಲಿ ನಾದಿನಿಯ ಗುರುತಿನ ಚೀಟಿ, ಹಿಂದೆ ಅಂಟಿದ್ದ ಎರಡು ತುದಿಗಳ ಸಮೇತ, ಗಡಿಯಾರದ ಕೈಯಲ್ಲಿತ್ತು. ನಾಳೆಯಿಂದ ಬರಬೇಡ ಎಂದರು ಅವಳಿಗೆ. ನನ್ನನ್ನು ನೂಲು ಕತ್ತರಿಸುವ ಮೇಜಿಗೆ ಹಾಕಿದರು.

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಇಳಿದು ಬೀದಿಯಲ್ಲಿ ನಡೆಯುವಾಗ ನಾನೇ ಕೇಳಿದೆ.

“ಎಷ್ಟು ಸಲ ಹೀಗೆ ಕೊಟ್ಟಿದ್ದೀಯ, ಮನೆಯ ತುದಿ?”

“ನೀವು ಬಾಯಿ ಮುಚ್ಕೊಂಡಿದ್ರೆ ಎಲ್ಲಾ ಮುಗೀತಿತ್ತು ಅತ್ತಿಗೆ.”

“ಎಷ್ಟು ಸಲ?”

“ಲೆಕ್ಕ ಇಟ್ಟಿಲ್ಲ,” ಎಂದು ಅವಳು ಮುಂದೆ ಹೋದಳು.

ಲಾರಿಯಲ್ಲಿ ಹೋದ ಎರಡು ಪೆಟ್ಟಿಗೆಗಳ ಬಗ್ಗೆ ಅಂದೇ ಪೆಟ್ಟಿಗೆ ಇಳಿಸಿಕೊಳ್ಳುವವರಿಗೆ ಫೋನು ಮಾಡಿದ್ದರು, ನೋಡುತ್ತೇವೆ ಎಂದರಂತೆ. ನೋಡಿದರೋ ಇಲ್ಲವೋ ನಮ್ಮಂಥವರಿಗೆ ಯಾರು ಹೇಳುತ್ತಾರೆ? ಗಡಿಯಾರವನ್ನು ಮೂರು ಸಲ ಕೇಳಿದೆ. ಮೂರನೆಯ ಸಲ ಅವಳು, “ನನಗೂ ಹೇಳಿಲ್ಲಮ್ಮಾ,” ಎಂದಳು. ನನ್ನ ಆ ತುದಿ ನೆಲಕ್ಕೆ ಬಿದ್ದು ಕಸದ ಜೊತೆ ಹೋಗಿರಬಹುದು. ಯಾರದೋ ಚಪ್ಪಲಿಗೆ ಚುಚ್ಚಿಕೊಂಡು ಹೊರಗೆ ಹೋಗಿರಬಹುದು. ಕೊರಳ ಪಟ್ಟಿಯಲ್ಲೇ ಇರಬಹುದು. ಎಲ್ಲಿದೆಯೋ ನನಗೆ ಗೊತ್ತಿಲ್ಲ.