ಎಡಕ್ಕೆ ಬಿದ್ದ ಹೂ

ಹೂ ನೋಡುವುದಕ್ಕೆಂದು ಬೆಂಗಳೂರಿಗೆ ಹೋಗಿದ್ದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ ಮೂರು ಮೈಲಿ ದೂರದ ಹಳ್ಳಿ ನಮ್ಮದು. ಇಲ್ಲಿ ಹೂ ಎಂದರೆ ದೇವರ ತಲೆಯ ಮೇಲಿರಬೇಕು, ಇಲ್ಲವೇ ಹೆಂಗಸರ ತುರುಬಿನಲ್ಲಿರಬೇಕು. ಗಿಡದಲ್ಲೇ ಇರುವ ಹೂವನ್ನು ನೋಡಲು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗುವವನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ನಾನು ಅಜ್ಜಯ್ಯ, ಊರಿನ ದುರುಗಮ್ಮನ ಪೂಜಾರಿ. ಅರವತ್ತಮೂರು ವರ್ಷ ಹೂವಿನಲ್ಲೇ ಕೈಯಾಡಿಸಿದವನು. ಆದರೂ ಹೋದೆ, ಕರೆದವಳು ಮಗಳು ಗೀತಾಂಜಲಿ ಎನ್ನುವ ಕಾರಣಕ್ಕೆ.

“ಅಪ್ಪಾ, ಇಲ್ಲಿ ಗಿಡಗೋಳು ಎಲ್ಲಾ ಹೂ ಬಿಟ್ಟಾವು. ಅವ್ವ ನೋಡಬೇಕು ಅಂದಿದ್ಲಲ್ಲ, ನೀನಾದ್ರೂ ಬಂದು ನೋಡು” ಎಂದು ಫೋನಿನಲ್ಲಿ ಹೇಳಿದಳು. ಅವಳು ಅಲ್ಲಿ ಒಂದು ಶಾಲೆಯಲ್ಲಿ ಟೀಚರು. ಅಳಿಯ ಪ್ರವೀಣಕುಮಾರ್ ಸಿಟಿ ಬಸ್ಸು ಓಡಿಸುತ್ತಾನೆ, ಒಳ್ಳೆಯ ಹುಡುಗ, ಮಾತು ಕಮ್ಮಿ.

ಹೊರಡುವ ದಿನ ಹೆಂಡತಿ ಉಚ್ಚಂಗೆಮ್ಮನ ಫೋಟೋಕ್ಕೆ ಕೆಂಪು ಕಣಗಿಲೆ ಹೂ ಇಟ್ಟೆ. ಅವಳು ಹೋದ ದಿನದಿಂದ ಒಂದು ಬೆಳಿಗ್ಗೆಯೂ ಇದು ತಪ್ಪಿಲ್ಲ. ನಾಲ್ಕು ದಿನ ಮನೆಗೆ ಬೀಗ ಹಾಕಿರುತ್ತದಲ್ಲ ಎಂದು ಹೂವಿನ ಬೆನ್ನಿಗೆ ಗಂಧ ಬಳಿದು ಗಾಜಿಗೆ ಬಲವಾಗಿ ಒತ್ತಿದೆ. ಹೂ ನಿಲ್ಲಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಂಟು ವರ್ಷದ ಹಿಂದೆ ಉಚ್ಚಂಗೆಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ದಾವಣಗೆರೆಯ ಡಾಕ್ಟರು ನೋಡಿ, ಇನ್ನೂ ಚಿಕ್ಕದಿದೆ, ತಡಮಾಡದೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ, ಆಮೇಲಿನ ಚಿಕಿತ್ಸೆಗೆ ಮೂರು ತಿಂಗಳು ಅಲ್ಲೇ ಇರಬೇಕಾದೀತು, ಬದುಕುತ್ತಾರೆ ಎಂದರು. ಆಗ ಗೀತಾ ದಾವಣಗೆರೆಯಲ್ಲೇ ಬಿ.ಎಡ್. ಓದುತ್ತಿದ್ದಳು. ಅವ್ವನಿಗೆ ಧೈರ್ಯ ಬರಲಿ ಎಂದು ಮೊಬೈಲಿನಲ್ಲಿ ಬೆಂಗಳೂರಿನ ಚಿತ್ರಗಳನ್ನು ತೋರಿಸಿದಳು. ರಸ್ತೆಯ ಎರಡೂ ಕಡೆ ಗುಲಾಬಿ ಬಣ್ಣದ ಗಿಡಗಳು, ಒಂದೆಲೆಯೂ ಇಲ್ಲ, ಬರೀ ಹೂ. ಉಚ್ಚಂಗೆಮ್ಮ ಬೆರಳಿನಿಂದ ಚಿತ್ರವನ್ನು ಮುಟ್ಟಿ ಮುಟ್ಟಿ ನೋಡಿದಳು.

“ಆಪರೇಷನ್ ಹೆಂಗರ ಆಗಲಿ, ಈ ಗಿಡದ ಬುಡಕ ಒಂದು ಗಳಿಗಿ ಕುಂತು ಬರ್ತೀನಿ” ಎಂದಳು.

ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಮೊದಲು ದೇವಿಯ ಹೂ ಕೇಳುತ್ತೇವೆ. ಪೂಜಾರಿ ದೇವಿಯ ಎರಡು ಭುಜಕ್ಕೂ ಒಂದೊಂದು ಹೂ ಅಂಟಿಸುತ್ತಾನೆ. ಕೇಳುವವರು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ತಾಯಿಯ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ ಎಂದ ಹಾಗೆ. ಮದುವೆ, ಬೋರ್‌ವೆಲ್ಲು, ಮನೆಯ ಪಾಯ, ಎಲ್ಲಕ್ಕೂ ಇದೇ. ಒಂದು ಮಂಗಳವಾರ ಉಚ್ಚಂಗೆಮ್ಮನೂ ಗೀತಾಳೂ ಗುಡಿಗೆ ಬಂದು ನಿಂತರು. ಆ ವರ್ಷ ಪೂಜಾರಿ ನಾನೇ. ಹೂ ಎಡಕ್ಕೆ ಬಿತ್ತು. ನಾವು ಬೆಂಗಳೂರಿಗೆ ಹೋಗಲಿಲ್ಲ, ಹದಿನಾಲ್ಕು ತಿಂಗಳಿಗೆ ಅವಳು ಸತ್ತಳು.

ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ನಮ್ಮದು ಹನ್ನೊಂದು ಮನೆಯ ಪೂಜಾರಿಕೆ. ಯುಗಾದಿಯಿಂದ ಯುಗಾದಿಗೆ ಒಂದೊಂದು ಮನೆಯ ಪಾಳಿ. ಪಾಳಿಯವನು ಒಂದೇ ಒಂದು ಅಮಾವಾಸ್ಯೆ ಗುಡಿ ತಪ್ಪಿಸಿದರೂ ಅದು ಮುಂದಿನ ಮನೆಗೆ ಹೋಗುತ್ತದೆ, ಮತ್ತೆ ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಕಾಯಬೇಕು. ಪಾಳಿಯ ವರ್ಷ ಗೌಡರೂ ನನ್ನ ಕಂಡರೆ ಕಟ್ಟೆಯಿಂದ ಕೆಳಗಿಳಿಯುತ್ತಾರೆ. ಉಳಿದ ವರ್ಷ ನಾನು ಚಹಾದಂಗಡಿಯ ಬೆಂಚಿನ ತುದಿಯಲ್ಲಿ ಕೂರುವವನು. ಡಾಕ್ಟರು ಹೇಳಿದ ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮೂರು ತಿಂಗಳು ಎನ್ನುವುದೊಂದೇ. ಅವಳ ಜೊತೆ ಇರಬೇಕಾದವನು ನಾನು, ಮೂರು ತಿಂಗಳೆಂದರೆ ಮೂರು ಅಮಾವಾಸ್ಯೆ.

ಹೂವಿನ ಬೆನ್ನಿಗೆ ದೇವಿಯ ಅರಿಸಿನಪುಡಿ, ಅಂದರೆ ಭಂಡಾರ, ಒದ್ದೆ ಮಾಡಿ ಬಳಿದು ಒತ್ತಿದರೆ ಅದು ಸಂಜೆಯವರೆಗೂ ಅಲುಗುವುದಿಲ್ಲ. ಒಣ ಹೂವನ್ನು ಭುಜದ ಅಂಚಿನಲ್ಲಿ ಸುಮ್ಮನೆ ತಾಗಿಸಿಟ್ಟರೆ ಆರತಿ ಎತ್ತುವಷ್ಟರಲ್ಲಿ ಜಾರುತ್ತದೆ. ಅವತ್ತು ಬಲಗಡೆಯದನ್ನು ಬಳಿದು ಒತ್ತಿದೆ, ಎಡಗಡೆಯದನ್ನು ತಾಗಿಸಿಟ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಮಾಡಿದವನು ನನ್ನಂಥವನನ್ನು ನೋಡಿಯೇ ಮಾಡಿರಬೇಕು.

ಹೂ ಬಿದ್ದಾಗ ಗೀತಾ ಗುಡಿಯೊಳಗೇ ಕೂಗಾಡಿದಳು. ಉಚ್ಚಂಗೆಮ್ಮ ಅವಳ ಬಾಯಿ ಮುಚ್ಚಿ ನನಗೇ ಸಮಾಧಾನ ಹೇಳಿದಳು. “ತಾಯಿ ಬ್ಯಾಡ ಅಂದ ಮ್ಯಾಲೆ ಮುಗೀತು ಬಿಡ್ರಿ. ನೀವ್ಯಾಕ ಮಾರಿ ಸಣ್ಣ ಮಾಡ್ತೀರಿ” ಎಂದಳು. ಆ ಮಾತನ್ನು ಹೊತ್ತುಕೊಂಡು ಎಂಟು ವರ್ಷದಿಂದ ಉಣ್ಣುತ್ತಿದ್ದೇನೆ, ಮಲಗುತ್ತಿದ್ದೇನೆ.

ತಾಯಿ ಸತ್ತ ಮೇಲೆ ಗೀತಾ ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಬಂದಳು. ಆವತ್ತಿನಿಂದ ಪ್ರತಿ ಭಾನುವಾರ ಫೋನು. ಊಟ ಆಯಿತಾ, ಗುಳಿಗೆ ನುಂಗಿದೆಯಾ ಎಂದು ಕೇಳುತ್ತಾಳೆ. ನನಗೆ ಈಗ ಉಳಿದಿರುವುದು ಆ ಫೋನು ಮಾತ್ರ. ಯಾಕೆ ಕ್ಷಮಿಸಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ವಾಪಸು ತೆಗೆದುಕೊಳ್ಳುತ್ತಾಳೋ ಎಂದು ಹೆದರಿಕೆ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕಬ್ಬನ್ ಪಾರ್ಕಿಗೆ ಹೋದೆವು. ಗಿಡಗಳು ಚಿತ್ರದಲ್ಲಿದ್ದ ಹಾಗೇ ಇದ್ದವು. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿತು. ಆದರೆ ಸಿಟ್ಟೂ ಬಂತು. ಜನ ಬುಡದಲ್ಲಿ ನಿಂತು, ಕೂತು, ಮಲಗಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ಒಬ್ಬಳು ತನ್ನ ನಾಯಿಗೂ ಗುಲಾಬಿ ಬಣ್ಣದ ಅಂಗಿ ಹಾಕಿ ತಂದಿದ್ದಳು. ಆ ನಾಯಿ ಬಂದು ಕೂತ ಜಾಗಕ್ಕೆ ನನ್ನ ಹೆಂಡತಿಗೆ ಬರಲಾಗಲಿಲ್ಲ. ಬರದ ಹಾಗೆ ಮಾಡಿದವನು ನಾನು, ಬೈದುಕೊಂಡದ್ದು ನಾಯಿಯನ್ನು.

“ಇದರ ಹೆಸರೇನು?” ಎಂದೆ.

“ಟಬೂಬಿಯಾ ಅಂತಾರ.”

ಬಿದ್ದಿದ್ದ ಒಂದು ಹೂವನ್ನು ಎತ್ತಿ ಮೂಸಿದೆ. “ವಾಸನೀನ ಇಲ್ಲಲ್ಲ. ಇದು ದೇವರಿಗೆ ಏರಂಗಿಲ್ಲ.”

“ಎಲ್ಲಾ ಹೂ ದೇವರಿಗೇ ಏರಬೇಕೇನಪ್ಪಾ?” ಎಂದು ನಕ್ಕಳು. ಅವಳ ಅವ್ವನದೇ ನಗು.

ಒಂದು ಗಿಡದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು. ಗಾಳಿ ಬಂದಾಗಲೆಲ್ಲ ಹೂ ಉದುರುತ್ತಿತ್ತು, ನನ್ನ ಎಡಕ್ಕೂ ಬಲಕ್ಕೂ. ಗೀತಾ ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳವನ್ನು ತಿರುವುತ್ತಾ ಇದ್ದಳು.

“ಅಪ್ಪಾ, ನಿನಗ ಹೂ ತೋರಸಾಕ ಅಷ್ಟ ಕರದಿಲ್ಲ” ಎಂದಳು. “ನಂಗೂ ಗಂಟು ಐತಿ. ಅವ್ವಗ ಇದ್ದ ಜಾಗದಾಗ.”

ನಾನು ಕೈಯಲ್ಲಿದ್ದ ಹೂವನ್ನು ಬೆಂಚಿನ ಮೇಲಿಟ್ಟೆ.

“ಡಾಕ್ಟರು ಗುರುವಾರ ಆಪರೇಷನ್ ಅಂದಾರ. ಈಗ ಮಾಡಿದ್ರ ಏನೂ ಆಗಲ್ಲ ಅಂದಾರ. ಇವರೂ ಮಾಡಿಸು ಅಂತ ಕುಂತಾರ. ನಾ ಇನ್ನೂ ಹೂಂ ಅಂದಿಲ್ಲ.”

“ಯಾಕ?”

“ದುರುಗಮ್ಮನ ಹೂ ಕೇಳಬೇಕು.”

ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ನಾನು ಅವಳ ಮುಖವನ್ನೇ ನೋಡಿದೆ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. “ನಂಗೂ ನಾಚಿಕಿ ಆಗ್ತೈತಿ. ಆದ್ರ ಎರಡು ವರ್ಷ ನಿನ್ನ ಮ್ಯಾಲೆ ಉರದು ಉರದು ಹುಚ್ಚು ಹಿಡಿಯೋದೊಂದು ಬಾಕಿ ಇತ್ತು ನಂಗ. ಆಮೇಲೆ ಯೋಚನಿ ಮಾಡಿದೆ. ಅಪ್ಪ ಏನು ಮಾಡ್ಯಾನ? ಬ್ಯಾಡ ಅಂದಾಕಿ ತಾಯಿ. ಆಪರೇಷನ್ ಮಾಡಿಸಿದ್ರೂ ಅವ್ವ ಉಳೀತಿರಲಿಲ್ಲ, ತಾಯಿಗೆ ಅದು ಮೊದಲ ಗೊತ್ತಿತ್ತು. ಹಂಗಂತ ನಂಬಿದ ಮ್ಯಾಲೇ ನಿನ್ನ ಮಾರಿ ನೋಡಾಕ ಆತು. ಈಗ ನನ್ನ ಪಾಲಿಗೆ ಬಂದಾಗ ಆಕೀನ ಬಿಟ್ಟು ಹೆಂಗ ಹೋಗ್ಲಿ?”

ಅಂದರೆ ನನ್ನ ಸುಳ್ಳಿನ ಮೇಲೆ ಅವಳು ಕ್ಷಮೆ ಕಟ್ಟಿಕೊಂಡಿದ್ದಳು. ಈಗ ಅದರ ಮೇಲೆ ಜೀವವನ್ನೂ ಇಡಲು ಹೊರಟಿದ್ದಳು.

ಪೂಜಾರಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಥಟ್ಟನೆ ಲೆಕ್ಕ ಹಾಕಿದೆ. ಕೇಳಲಿ ಬಿಡು, ಈ ಸಲ ಎಡಗಡೆಯದನ್ನು ಒತ್ತಿ, ಬಲಗಡೆಯದನ್ನು ತಾಗಿಸಿಟ್ಟರಾಯಿತು. ಮಗಳೂ ಉಳಿಯುತ್ತಾಳೆ, ಭಾನುವಾರದ ಫೋನೂ ಉಳಿಯುತ್ತದೆ. “ಆತವ್ವ, ಮಂಗಳವಾರ ಕೇಳೋಣಂತ” ಎಂದುಬಿಟ್ಟೆ. ಹಾಗೆ ಅಂದ ಮೇಲೆ ನೆನಪಾಯಿತು, ಈ ವರ್ಷದ ಪಾಳಿ ನನ್ನದಲ್ಲ, ದಾಯಾದಿ ಬೊಮ್ಮಪ್ಪನದು.

ಬೊಮ್ಮಪ್ಪ ಕಣ್ಣು ಮುಚ್ಚಿಕೊಂಡು ಹೂ ಅಂಟಿಸುವ ಮನುಷ್ಯ. ಎರಡಕ್ಕೂ ಒಂದೇ ಅಳತೆ ಭಂಡಾರ ಬಳಿಯುತ್ತಾನೆ. ಪಾಳಿಯಲ್ಲಿ ಇಲ್ಲದವನು ಗರ್ಭಗುಡಿಯ ಹೊಸ್ತಿಲು ದಾಟುವಂತಿಲ್ಲ. ಯಾವ ಪಾಳಿಗಾಗಿ ಹೆಂಡತಿಯನ್ನು ಕೊಟ್ಟೆನೋ ಅದು ಮಗಳಿಗೆ ಬೇಕಾದಾಗ ನನ್ನ ಕೈಯಲ್ಲಿರಲಿಲ್ಲ.

“ನೀ ಬರಬ್ಯಾಡ, ನಾ ಕೇಳಿ ಫೋನ್ ಮಾಡ್ತೀನಿ” ಎಂದೆ.

“ಇಲ್ಲ, ನಾ ಕಣ್ಣಾರೆ ನೋಡಬೇಕು. ಸೋಮವಾರದ ಬಸ್ಸಿಗೆ ಇಬ್ಬರದೂ ಟಿಕೆಟ್ ತಗಸೀನಿ. ಎಡಕ್ಕ ಬಿದ್ರ ನಾ ಆಪರೇಷನ್ ಮಾಡಿಸಂಗಿಲ್ಲಪ್ಪಾ. ಇವರು ಏನರ ಅನ್ಲಿ.”

ಇನ್ನು ದಾರಿ ಇರಲಿಲ್ಲ. ಬಾಯಲ್ಲಿ ಹೇಳಲು ಆಗಲಿಲ್ಲ. ಕೆಳಗೆ ಬಿದ್ದಿದ್ದ ಎರಡು ಹೂ ಆರಿಸಿಕೊಂಡು, ಅವಳ ಕೈಯಿಂದ ಬಾಟಲಿ ಇಸಿದುಕೊಂಡು, ಗಿಡದ ಬೊಡ್ಡೆಯ ಮುಂದೆ ಹೋಗಿ ನಿಂತೆ. ಬುಡದ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಒಂದು ಹೂವಿನ ಬೆನ್ನಿಗೆ ಬಳಿದು, ಬೊಡ್ಡೆಯ ಬಲಕ್ಕೆ ಹೆಬ್ಬೆರಳಿನಿಂದ ಒತ್ತಿದೆ. ಇನ್ನೊಂದನ್ನು ಒಣಗಿದ್ದ ಹಾಗೇ ಎಡಗಡೆಯ ತೊಗಟೆಯ ಅಂಚಿಗೆ ತಾಗಿಸಿದೆ.

“ಏನಪ್ಪಾ ಇದು, ಹುಡುಗಾಟ?” ಎಂದು ಎದ್ದು ಬಂದಳು.

“ನೋಡು” ಎಂದೆ.

ಗಾಳಿ ಕೂಡ ಬರಲಿಲ್ಲ. ಎಡಗಡೆಯದು ಬಿತ್ತು.

ನನ್ನ ಮಗಳು ದಡ್ಡಿಯಲ್ಲ. ಕೆಳಗೆ ಬಿದ್ದ ಹೂವನ್ನು ನೋಡಿದಳು, ಅಂಟಿಕೊಂಡಿದ್ದ ಹೂವನ್ನು ನೋಡಿದಳು, ಮಣ್ಣಾದ ನನ್ನ ಹೆಬ್ಬೆರಳನ್ನು ನೋಡಿದಳು.

“ಅವತ್ತೂ ಹಿಂಗ ಮಾಡಿದ್ಯಾ?”

“ಹೂಂ.”

“ಯಾಕ?”

“ಪಾಳಿ ಹೋಗ್ತಿತ್ತು.”

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈ ಎದೆಗೆ ಒತ್ತಿಕೊಂಡಳು. ಪಕ್ಕದಲ್ಲಿ ಯಾರೋ ಫೋಟೋ ಹೊಡೆಯುತ್ತಾ, ಸ್ವಲ್ಪ ಸರಿಯುತ್ತೀರಾ ಎಂದರು. ನಾನು ಸರಿದೆ.

“ಕೈ ಮುಗಕೊಂಡು ನಿಂತಿದ್ಲು ನಮ್ಮವ್ವ” ಎಂದಳು. “ನಿನ್ನ ಮುಂದ. ಕಣ್ಣು ಮುಚ್ಕೊಂಡು.”

ತಪ್ಪಾಯಿತು ಎನ್ನುವುದು ಸಾರಿಗೆ ಉಪ್ಪು ಹೆಚ್ಚಾದಾಗ ಹೇಳುವ ಮಾತು.

“ಗುರುವಾರ ನಾ ಆಪರೇಷನ್ ಮಾಡಿಸ್ಕೊಂತೀನಿ. ನೀ ಆಸ್ಪತ್ರಿಗೆ ಬರಬ್ಯಾಡ” ಎಂದಳು. ಎದ್ದು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. “ಇನ್ನೊಂದು. ಅವ್ವನ ಫೋಟಕ್ಕ ಇನ್ಮ್ಯಾಲೆ ಹೂ ಮುಟ್ಟಸಬ್ಯಾಡ. ಆ ಕೈಯಿಂದ ಬ್ಯಾಡ.”

ಸಂಜೆಯ ಬಸ್ಸಿಗೆ ಅಳಿಯ ಬಂದು ಹತ್ತಿಸಿದ. “ಯಾಕ್ರಿ ಮಾವ, ನಾಳಿ ಇಬ್ಬರೂ ಹೋಗೋದಿತ್ತಲ್ಲ?” ಎಂದ. ಹೊಲದ ಕೆಲಸ ಎಂದೆ. ಅದೂ ಸುಳ್ಳೇ.

ಗುರುವಾರ ಮಧ್ಯಾಹ್ನ ಅವನದೇ ಫೋನು. ಆಪರೇಷನ್ ಚೆನ್ನಾಗಿ ಆಗಿದೆ, ಹೆದರಬೇಕಾದ್ದು ಏನೂ ಇಲ್ಲ ಎಂದ. ಫೋನನ್ನು ಅವಳಿಗೆ ಕೊಡು ಎಂದೆ. “ಮಲಗ್ಯಾಳ್ರಿ ಮಾವ” ಎಂದ. ಹಿಂದಿನಿಂದ ಗೀತಾ ನೀರು ಕೇಳಿದ್ದು ನನಗೆ ಕೇಳಿಸಿತು. ಅಷ್ಟು ಕೇಳಿಸಿತಲ್ಲ, ಸಾಕು.

ಅದಾಗಿ ಐದು ಭಾನುವಾರ ಕಳೆದವು. ಫೋನು ಬಂದಿಲ್ಲ.

ಹಿತ್ತಿಲಿನ ಕಣಗಿಲೆ ದಿನಾ ಬಿಡುತ್ತದೆ, ದಿನಾ ಉದುರುತ್ತದೆ. ನಾನು ಕೀಳುವುದಿಲ್ಲ. ಆದರೆ ಬೆಂಗಳೂರಿಗೆ ಹೊರಟ ದಿನ ಉಚ್ಚಂಗೆಮ್ಮನ ಫೋಟೋಕ್ಕೆ ಇಟ್ಟ ಹೂ ಇನ್ನೂ ಅಲ್ಲೇ ಇದೆ. ಮುಟ್ಟಿ ತೆಗೆಯೋಣವೆಂದರೆ ಮಗಳು ಮುಟ್ಟಬೇಡ ಎಂದಿದ್ದಾಳೆ. ತಾನಾಗಿ ಬೀಳಲಿ ಎಂದು ದಿನಾ ಎದುರಿಗೆ ಕೂತು ನೋಡುತ್ತೇನೆ. ಒಣಗಿ ಕರ್ರಗಾಗಿದೆ, ಬೀಳುತ್ತಿಲ್ಲ. ನಾನು ಒತ್ತಿಟ್ಟ ಹೂ ಅದು.