ತೊಳೆದು ಕೊಟ್ಟ ಗಿಣ್ಣಿನ ಡಬ್ಬಿ

ಹಟ್ಟಿಯ ಜನ ಸುಳ್ಳು ಹೇಳುವುದರಲ್ಲಿ ಇಷ್ಟು ಗಟ್ಟಿಗರು ಅಂತ ಲಾವಣ್ಯಳಿಗೆ ಗೊತ್ತಿರಲಿಲ್ಲ. ಹುಲಿಕುಂಟೆಯಿಂದ ಒಳಕ್ಕೆ, ಜಾಲಿಮರಗಳನ್ನು ದಾಟಿದರೆ ಸಿಗುವ ಆ ಕುರಿ ಸಾಕುವವರ ಹಟ್ಟಿಯಲ್ಲೇ ಅವಳು ಹುಟ್ಟಿದ್ದು, ಮಂಡಿ ಒಡೆದುಕೊಂಡು ಬೆಳೆದದ್ದು. ಈಗ ಅದೇ ಹಟ್ಟಿ ಎರಡು ವಾರದಿಂದ ಅವಳನ್ನು ‘ಮೇಡಮ್ಮೋರೆ’ ಅನ್ನುತ್ತಿತ್ತು. ಯಾವೂರೋ, ಯಾರ ಮಗಳೋ, ನಮಗೇನು ಗೊತ್ತು ಅನ್ನೋ ಮುಖ ಮಾಡಿಕೊಂಡು.

ತಪ್ಪು ಹಟ್ಟಿಯವರದಲ್ಲ. ಮಾಡಿಕೊಂಡವಳು ಇವಳೇ.

ನ್ಯೂಜಿಲೆಂಡಿನ ಯಾವುದೋ ಚರ್ಚಿನ ಒಂದಷ್ಟು ಜನ ಹಟ್ಟಿಯ ಅಂಗನವಾಡಿಗೆ ಕೋಣೆ ಕಟ್ಟಿಕೊಡುತ್ತೇವೆ ಅಂತ ಬಂದಿದ್ದರು. ಸಿರಾದಲ್ಲಿ ವಾಸ. ಬೆಳಿಗ್ಗೆ ವ್ಯಾನಿನಲ್ಲಿ ಬಂದು ಗಾರೆ ಕಲಸಿ, ಇಟ್ಟಿಗೆ ಹೊತ್ತು, ಬಿಸಿಲಿಗೆ ಟೊಮ್ಯಾಟೊ ಥರ ಕೆಂಪಾಗಿ, ಸಂಜೆ ತಮ್ಮಷ್ಟಕ್ಕೆ ನಾಲ್ಕು ಹಾಡು ಹೇಳಿಕೊಂಡು ಹೋಗುತ್ತಿದ್ದರು. ಹಟ್ಟಿಯ ಹಿರಿಯ ಬೋರಣ್ಣ ಮೊದಲ ದಿನವೇ ಕೇಳಿಬಿಟ್ಟಿದ್ದ: “ನಮ್ ದೇವ್ರು ಜುಂಜಪ್ಪನ ತಂಟೆಗೆ ಬರಾಕಿಲ್ಲ ತಾನೆ?” ಬರುವುದಿಲ್ಲ ಅಂದರು. “ಅಂಗಾದ್ರೆ ಹಾಡ್ಕಳ್ಳಿ ಬುಡಿ, ಕುರಿಗೂ ಬೇಜಾರು ಕಳೀತದೆ” ಅಂದ. ಮಾತು ಅಲ್ಲಿಗೆ ಮುಗಿಯಿತು.

ಲಾವಣ್ಯ ಸಿರಾದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಬೇಸಿಗೆ ರಜೆಯಲ್ಲಿ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುವ ಕೆಲಸ ಸಿಕ್ಕಿತ್ತು. ಯಾವ ಹಳ್ಳಿ ಅಂತ ಗೊತ್ತಾದಾಗ ಖುಷಿಯೇ ಆಗಿತ್ತು, ಸುಳ್ಳೇಕೆ. ಆದರೆ ಮೊದಲ ದಿನ ವ್ಯಾನು ಹಟ್ಟಿ ಹತ್ತಿರ ಬರುತ್ತಿದ್ದಂತೆ ಕುರಿಹಿಕ್ಕೆಯ ವಾಸನೆ ಒಳಗೆ ನುಗ್ಗಿತು. ಗುಂಪಿನ ಒಬ್ಬ ಹುಡುಗಿ ಮೂಗಿಗೆ ಕರ್ಚೀಫು ಹಿಡಿದಳು. ಅದೇ ಹೊತ್ತಿಗೆ ಗುಂಪಿನ ಯಜಮಾನಿ ಹೆಲೆನ್, ಅರವತ್ತು ದಾಟಿದ ಹೆಂಗಸು, ಲಾವಣ್ಯಳ ಕಡೆ ತಿರುಗಿ, “ನೀನು ಈ ಕಡೆಯವಳೇನಮ್ಮ?” ಅಂತ ಕೇಳಿದಳು.

“ಇಲ್ಲ, ನಾನು ಸಿರಾದವಳು” ಅಂದಳು ಲಾವಣ್ಯ.

ಅಷ್ಟೇ. ಒಂದು ಕರ್ಚೀಫಿಗೆ ಹೆದರಿ ಹುಟ್ಟಿದ ಹಟ್ಟಿಯನ್ನೇ ನುಂಗಿಕೊಂಡಳು!

ವ್ಯಾನು ನಿಲ್ಲುವುದೇ ತಡ, ಎರಡೂ ಕೈ ಅಗಲಿಸಿಕೊಂಡು ಓಡಿ ಬಂದವಳು ನಾಗಕ್ಕ. ಲಾವಣ್ಯಳ ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ಕೂಸನ್ನು ಮಡಿಲಿಗೆ ಹಾಕಿಕೊಂಡು, ಕುರಿ ಕಾಯುತ್ತಲೇ ಓದಿಸಿದ ದೊಡ್ಡಮ್ಮ. ಲಾವಣ್ಯ ಮುಂದೆ ಓಡಿ ಅವಳನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಎಳೆದೊಯ್ದಳು.

“ದೊಡ್ಡಮ್ಮ, ಇವ್ರ ಮುಂದೆ ನಾನ್ಯಾರೋ ನೀನ್ಯಾರೋ. ಇದೇ ಊರೋಳು ಅಂತ ಗೊತ್ತಾದ್ರೆ ಕೆಲ್ಸದಿಂದ ತೆಗ್ದುಬುಡ್ತಾರೆ.”

ಎಷ್ಟು ಸಲೀಸಾಗಿ ಬಂತು ನೋಡಿ ಎರಡನೇ ಸುಳ್ಳು.

“ಅದ್ಯಾವ ಸೀಮೆ ರೂಲ್ಸೇ ತಾಯಿ?” ನಾಗಕ್ಕ ಬಾಯಿ ಮೇಲೆ ಕೈ ಇಟ್ಟಳು. ಆಮೇಲೆ, “ಹೋಗ್ಲಿ ಬುಡು. ನಿನ್ ಅನ್ನಕ್ಕೆ ನಾನ್ಯಾಕೆ ಕಲ್ಲಾಕ್ಲಿ” ಅಂದಳು.

ಅವತ್ತು ಸಂಜೆಯೇ ಮನೆಮನೆಗೆ ಹೋಗಿ ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳಂತೆ. ಮಾರನೇ ದಿನದಿಂದ ನಾಟಕ ಶುರು. ಮಕ್ಕಳು “ಲಾವಕ್ಕ” ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡು ಕಿಸಕ್ಕನೆ ನಗುತ್ತಿದ್ದವು. ಬೋರಣ್ಣನಂತೂ ದಿನಾ ಗಂಭೀರವಾಗಿ, “ಮೇಡಮ್ಮೋರ್ದು ಯಾವೂರಾಯ್ತು?” ಅಂತ ಕೇಳಿ, ಅವಳು ಸಿರಾ ಅನ್ನುವವರೆಗೂ ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಶ್ರದ್ಧೆಯಿಂದ ಆಡಿದವಳು ನಾಗಕ್ಕ. ಅವರೆಲ್ಲ ಮನೆಗೆ ಬಂದಾಗ ಹೊರಗಿನವರಿಗೆಂದೇ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ, “ಕೂತ್ಕಳ್ಳಿ ಮೇಡಮ್ಮೋರೆ” ಅನ್ನುವಳು. ಆ ಮನೆಯಲ್ಲಿ ಲಾವಣ್ಯ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ನೆಲದ ಮೇಲಿನ ಕಂಬಳಿ ಅವಳನ್ನು ನೋಡುತ್ತಿತ್ತು, ಅವಳು ಕಂಬಳಿಯನ್ನು ನೋಡುತ್ತಿರಲಿಲ್ಲ.

ಮೊದಮೊದಲು ತಮಾಷೆ ಅನ್ನಿಸಿತು. ಆಮೇಲಾಮೇಲೆ ಆ ಕುರ್ಚಿ ಚುಚ್ಚತೊಡಗಿತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ದಿನ ದೂಡಿದಳು. ಕೋಣೆಗೆ ಸೂರು ಹೊದಿಸಿದ್ದಾಯಿತು, ಸುಣ್ಣ ಬಳಿದದ್ದೂ ಆಯಿತು. ಪರದೇಶದವರು ಹೊರಡುವ ದಿನ ಹತ್ತಿರ ಬಂತು.

ಆ ಕೊನೆಯ ದಿನಗಳಲ್ಲೇ ನಾಗಕ್ಕನ ಹಸು ಕರು ಹಾಕಿತು. ಗಿಣ್ಣು ಹಾಲನ್ನು ಮೊದಲು ಜುಂಜಪ್ಪನಿಗೆ ಮೀಸಲಿಟ್ಟು, ಆಮೇಲೆ ಹತ್ತಿರದವರಿಗೆ ಕೊಡುವುದು ಹಟ್ಟಿಯ ಪದ್ಧತಿ. ಪಾತ್ರೆ ವಾಪಸು ಕೊಡುವಾಗ ತೊಳೆಯುವ ಹಾಗಿಲ್ಲ. ಹಾಲಿನ ಜಿಡ್ಡು ಹಾಗೇ ಇರಬೇಕು, ಒಳಗೊಂದು ಚೂರು ಬೆಲ್ಲ ಹಾಕಬೇಕು. ತೊಳೆದು ಕೊಟ್ಟರೆ ಹಸುವಿನ ಕೆಚ್ಚಲು ಬತ್ತುತ್ತದೆ ಅನ್ನುತ್ತಾರೆ. ಅದು ಸುಳ್ಳೋ ನಿಜವೋ, ತೊಳೆದು ಕೊಟ್ಟರೆ ನಿಮ್ಮ ಮನೆಯ ಋಣ ಇಲ್ಲಿಗೆ ಸಾಕು ಅಂದ ಹಾಗೆ ಅನ್ನುವುದು ಮಾತ್ರ ಆ ಹಟ್ಟಿಯ ಸಣ್ಣ ಮಕ್ಕಳಿಗೂ ಗೊತ್ತು.

ನಾಗಕ್ಕ ಒಂದು ಸ್ಟೀಲ್ ಡಬ್ಬಿ ತುಂಬ ಗಿಣ್ಣು ಹಾಲು ತಂದು ಹೆಲೆನ್ ಕೈಗೆ ಕೊಟ್ಟಳು. “ಹೇಳಿ ಮೇಡಮ್ಮೋರೆ, ಇದು ನಮ್ಮೋರಿಗೆ ಅಂತ ಕೊಡೋದು ಅಂತ.” ಲಾವಣ್ಯ ಹೇಳಿದಳು. ತಾನೇ ಅಂಗನವಾಡಿ ಒಲೆಯ ಮೇಲೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದಳು. ಎಲ್ಲರೂ ಬೆರಳು ನೆಕ್ಕಿಕೊಂಡು ತಿಂದರು. ಅಂದು ಮೂಗು ಮುಚ್ಚಿಕೊಂಡಿದ್ದ ಹುಡುಗಿ ಎರಡು ಸಲ ಹಾಕಿಸಿಕೊಂಡಳು.

ಖಾಲಿ ಡಬ್ಬಿ ಎತ್ತಿಕೊಂಡ ಹೆಲೆನ್ ಅದರ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಕೆತ್ತಿದ್ದ ಅಕ್ಷರಗಳನ್ನು ಬೆರಳಿನಿಂದ ಸವರಿ, “ಇದೇನು ಬರೆದಿದೆ?” ಅಂತ ಕೇಳಿದಳು.

ಬರೆದಿದ್ದದ್ದು ‘ಲಾವಣ್ಯ’ ಅಂತ. ಅವಳು ಹೈಸ್ಕೂಲಿಗೆ ಸೇರಿದ ವರ್ಷ ನಾಗಕ್ಕ ಸಿರಾ ಸಂತೆಗೆ ಹೋಗಿ ಹೆಸರು ಹಾಕಿಸಿ ತಂದಿದ್ದ ಬುತ್ತಿ ಡಬ್ಬಿ ಅದು.

“ಅಂಗಡಿ ಹೆಸರು” ಅಂದಳು ಲಾವಣ್ಯ.

ಅಂದವಳೇ ಹೆಲೆನ್ ಕೈಯಿಂದ ಡಬ್ಬಿ ಕಿತ್ತುಕೊಂಡು, ಬೋರ್‌ವೆಲ್ ಹತ್ತಿರ ಹೋಗಿ, ಸಬೀನ ಪುಡಿ ಹಾಕಿ ತಿಕ್ಕಿದಳು. ಯಾಕೆ ತಿಕ್ಕಿದೆ ಅಂತ ಕೇಳಿದರೆ ಅವಳಿಗೇ ಗೊತ್ತಿಲ್ಲ. ಆ ಹೆಸರು ಅಳಿಸಿಹೋಗಲಿ ಅಂತಲೋ, ಪದ್ಧತಿ ಗೊತ್ತಿಲ್ಲದ ಸಿರಾದವಳು ಮಾಡುವುದು ಹೀಗೇ ಅಂತಲೋ. ತಿಕ್ಕಿದಷ್ಟೂ ಹೆಸರು ಫಳಫಳ ಹೊಳೆಯಿತು.

ಹೆಲೆನ್ ಆ ಡಬ್ಬಿಯಲ್ಲಿ ಚಾಕಲೇಟು ತುಂಬಿಸಿ ನಾಗಕ್ಕನಿಗೆ ಕೊಟ್ಟಳು. ನಾಗಕ್ಕ ಮುಚ್ಚಳ ತೆಗೆದಳು, ಒಳಗೆ ಬೆರಳಾಡಿಸಿದಳು, ಮೂಸಿದಳು. ಲಾವಣ್ಯಳ ಕೈ ಇನ್ನೂ ಒದ್ದೆಯಾಗಿತ್ತು, ಮುಂಗೈಗೆ ಸಬೀನ ಮೆತ್ತಿತ್ತು. ಅದನ್ನೂ ನೋಡಿದಳು. ನೋಡಿ, “ಪಾಪ, ಗೊತ್ತಿಲ್ದೋರು” ಅಂದಳು, ಅಷ್ಟೇ. ಲಾವಣ್ಯಳಿಗೆ ನಾಚಿಕೆಯಿಂದ ನಿಂತ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು. ಬೈದಿದ್ದರೆ ಚೆನ್ನಾಗಿತ್ತು. ಲೇ ಮೂದೇವಿ ಅಂತ ತಲೆಗೊಂದು ಮೊಟಕಿದ್ದರೆ ಇನ್ನೂ ಚೆನ್ನಾಗಿತ್ತು.

ಹೊರಡುವ ಹಿಂದಿನ ಸಂಜೆ ಎಲ್ಲರೂ ಹೊಸ ಕೋಣೆಯ ಮುಂದೆ ಕೂತಿದ್ದರು. ನಾಗಕ್ಕನ ಪಕ್ಕದಲ್ಲಿದ್ದ ಹೆಲೆನ್, “ನಿನಗೆ ಮಕ್ಕಳೆಷ್ಟು ಅಂತ ಕೇಳು” ಅಂದಳು. ಲಾವಣ್ಯ ಕೇಳಿದಳು, ತಲೆ ತಗ್ಗಿಸಿಕೊಂಡು.

“ಹೊಟ್ಟೇಲಿ ಹುಟ್ಟಿದ್ದು ಯಾವ್ದೂ ಇಲ್ಲ ಕಣಮ್ಮ. ತಂಗಿ ಮಗಳ್ನ ಸಾಕ್ಕಂಡೆ. ಓದ್ಬುಟ್ಟು ಸಿರಾದಾಗೆ ಮೇಷ್ಟ್ರಾಗವ್ಳೆ.”

“ನಿನ್ನನ್ನು ನೋಡೋಕೆ ಬರ್ತಾಳಾ?”

ಲಾವಣ್ಯ ಆ ಪ್ರಶ್ನೆಯನ್ನೂ ಕನ್ನಡ ಮಾಡಿ ಕೇಳಬೇಕಾಯಿತು. ನಾಗಕ್ಕ ನೆಟ್ಟಗೆ ಅವಳನ್ನೇ ನೋಡಿದಳು. “ಮೊದ್ಲು ಅಪ್ರೂಪ. ಈಗ ದಿನಾ ಬತ್ತವ್ಳೆ ಅಂತೇಳಿ ಮೇಡಮ್ಮೋರೆ.”

ಹೆಲೆನ್ ನಕ್ಕಳು. ತಾನೂ ಕುರಿ ಸಾಕುವವನ ಮಗಳು ಅಂದಳು. “ಚಿಕ್ಕವಳಿದ್ದಾಗ ನನ್ನ ಕೂದಲೆಲ್ಲ ಕುರಿ ವಾಸನೆ. ಇಲ್ಲಿ ವ್ಯಾನು ಇಳಿದ ದಿನ ನಮ್ಮಪ್ಪ ಎಲ್ಲೋ ಪಕ್ಕದಲ್ಲೇ ಇದ್ದಾನೆ ಅನ್ನಿಸಿತು.” ಲಾವಣ್ಯ ಅದನ್ನೂ ಕನ್ನಡದಲ್ಲಿ ಹೇಳಿದಳು. ಯಾರ ಎದುರಿಗೆ ಬಚ್ಚಿಟ್ಟುಕೊಂಡಿದ್ದಳು ಇವಳು! ಇನ್ನು ಏನಾದರಾಗಲಿ, ವ್ಯಾನು ಹೊರಡುವುದರೊಳಗೆ ನಿಜ ಹೇಳಲೇಬೇಕು, ಹೇಳದಿದ್ದರೆ ಮತ್ತೆ ಆ ಕಂಬಳಿಯ ಮೇಲೆ ಕೂರುವ ಮುಖ ತನಗಿಲ್ಲ ಅಂದುಕೊಂಡಳು.

ಮಾರನೇ ದಿನ ಹಟ್ಟಿಗೆ ಹಟ್ಟಿಯೇ ಬೀಳ್ಕೊಡಲು ಬಂದಿತ್ತು. ಲಾವಣ್ಯಳೂ ಬೆಂಗಳೂರಿನವರೆಗೆ ಅವರ ಜೊತೆ ಹೋಗಬೇಕಿತ್ತು. ನಾಗಕ್ಕ ಅದೇ ಡಬ್ಬಿಯಲ್ಲಿ ಕಡ್ಲೆಕಾಯಿ ಉಂಡೆ ತುಂಬಿಸಿ ತಂದಿದ್ದಳು. ಎಲ್ಲರ ಮುಂದೆ ಲಾವಣ್ಯ ಹೆಲೆನ್‌ಗೆ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ನಾನು ಸುಳ್ಳು ಹೇಳಿದೆ. ಇದು ನನ್ನ ಊರು. ನನ್ನನ್ನು ಸಾಕಿದ ದೊಡ್ಡಮ್ಮ ಇವಳೇ. ಡಬ್ಬಿಯ ಮೇಲಿರುವುದು ಅಂಗಡಿ ಹೆಸರಲ್ಲ, ನನ್ನ ಹೆಸರು.

ಹೆಲೆನ್ ಕಣ್ಣು ತುಂಬಿಕೊಂಡು ನಾಗಕ್ಕನ ಎರಡೂ ಕೈ ಹಿಡಿದುಕೊಂಡಳು. ಡಬ್ಬಿಯ ಹೆಸರಿನ ಮೇಲೆ ಬೆರಳಿಟ್ಟು, ಲಾವಣ್ಯಳ ಕಡೆ ತೋರಿಸಿ, “ಮಗಳು? ನಿನ್ನ ಮಗಳು?” ಅಂತ ತಾನು ಕಲಿತಿದ್ದ ಹರಕು ಕನ್ನಡದಲ್ಲೇ ಕೇಳಿದಳು.

ಇಂಗ್ಲಿಷ್ ಅರ್ಥವಾಗದ ನಾಗಕ್ಕನಿಗೆ ‘ಮಗಳು’ ಅನ್ನುವುದೊಂದೇ ತಿಳಿಯಿತು. ಗುಟ್ಟು ರಟ್ಟಾಯಿತು, ಹುಡುಗಿಯ ಕೆಲಸ ಹೋಯಿತು ಅಂದುಕೊಂಡಳು. ಕೈ ಬಿಡಿಸಿಕೊಂಡು, ತಲೆ ಅಲ್ಲಾಡಿಸಿ, ಜೋರಾಗಿ ಶುರು ಮಾಡಿದಳು: “ಅಯ್ಯಯ್ಯೋ, ಇಲ್ಲ ಕಣಮ್ಮ! ಈಯಮ್ಮ ಯಾರೋ ಸಿರಾದೋರು. ನಂಗೇನೂ ಆಗ್ಬೇಕಿಲ್ಲ. ಈ ಡಬ್ಬಿ ಸಂತೇಲಿ ತಗಂಡಿದ್ದು, ಯಾರ್ ಹೆಸ್ರೋ ಏನೋ. ಜುಂಜಪ್ಪನಾಣೆ, ಈಯಮ್ಮನ್ನ ನಾನು ನೋಡೇ ಇರ್ಲಿಲ್ಲ!”

“ಹೌದೌದು, ನಾವ್ಯಾರೂ ನೋಡಿರ್ಲಿಲ್ಲ” ಅಂದ ಬೋರಣ್ಣ. ಹಟ್ಟಿಯ ಜನವೆಲ್ಲ ಹೂಂ ಅಂದಿತು. ಮಕ್ಕಳೂ ಅಂದವು.

“ದೊಡ್ಡಮ್ಮ, ಬ್ಯಾಡ, ನಾನೇ ಹೇಳ್ದೆ” ಅಂತ ಲಾವಣ್ಯ ಅಂದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

“ಏನು ಹೇಳ್ತಿದ್ದಾಳೆ?” ಅಂತ ಹೆಲೆನ್ ಕೇಳಿದಳು.

ದಾಟಿಸುವುದು ಅವಳ ಕೆಲಸ. ದಾಟಿಸಿದಳು. “ನನ್ನನ್ನು ನೋಡೇ ಇರಲಿಲ್ಲ ಅಂತಿದ್ದಾಳೆ. ದೇವರ ಮೇಲೆ ಆಣೆ ಇಟ್ಟು ಹೇಳ್ತಿದ್ದಾಳೆ.”

ಚಾಲಕ ಹಾರ್ನ್ ಹೊಡೆದ. ಲಾವಣ್ಯ ಕಿಟಕಿಯ ಪಕ್ಕ ಕೂತಾಗ ನಾಗಕ್ಕ ಡಬ್ಬಿಯನ್ನು ಅವಳ ಮಡಿಲಿಗಿಟ್ಟು, ಯಾರಿಗೂ ಕೇಳಿಸದ ಹಾಗೆ ಬಗ್ಗಿ ಪಿಸುಗುಟ್ಟಿದಳು. ಎರಡು ವಾರದ ಮೇಲೆ ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು.

“ಹೆದ್ರಬ್ಯಾಡ ಲಾವೀ, ನಿನ್ ಕೆಲ್ಸ ಎಲ್ಲೂ ಹೋಗಾಕಿಲ್ಲ. ಹೆಂಗೆ ಹೇಳ್ದೆ ನಾನು?”

ಲಾವಣ್ಯ ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡಳು.

“ಡಬ್ಬಿ ಮಾತ್ರ ತಂದ್ಕೊಡು ಮಗಳೇ” ಅಂದಳು ನಾಗಕ್ಕ. “ತೊಳ್ದು ತಂದ್ರೂ ಸರಿ.”